ತಾನಾಗಿ ಬಿಟ್ಟುಹೋದ ತಾರೀಕು

ಕುಮಟಾದಲ್ಲಿ ಔಷಧಿ ಅಂಗಡಿಯೊಂದರ ಮಾಳಿಗೆಯಲ್ಲಿ ನಮ್ಮ ಆಫೀಸು. ಸಾಫ್ಟ್‌ವೇರ್ ಮಾಡುವ ನಾಲ್ಕು ಜನರಲ್ಲಿ ನನ್ನ ಪಾಲಿಗೆ ಬರುವುದು ಯಾರ ಕಣ್ಣಿಗೂ ಬೀಳದ ಕೆಲಸ. ಗುಂಡಿ ಒತ್ತಿದ ಕೂಡಲೇ ಆಗುವುದನ್ನು ಬೇರೆಯವರು ಬರೆಯುತ್ತಾರೆ. ಆಮೇಲೆ ಆಗಬೇಕಾದದ್ದನ್ನು ನಾನು ಬರೆಯುತ್ತೇನೆ. ಇಷ್ಟು ದಿನ ಕಳೆದ ಮೇಲೆ ಒಂದು ಸಲ ಇದನ್ನು ಮಾಡು, ದಿನಾ ಬೆಳಿಗ್ಗೆ ಅದನ್ನು ಮಾಡುತ್ತಲೇ ಇರು ಎಂದು ಕಂಪ್ಯೂಟರಿಗೆ ಹೇಳಿಟ್ಟು ಮನೆಗೆ ಹೋಗುವುದು. ಕರೆಂಟು ಹೋಗಿ ಬಂದರೂ ಅದು ಹೇಳಿದ್ದನ್ನು ಮರೆಯದಂತೆ ನಾನು ಬರೆಯುತ್ತಿದ್ದೆ. ಆ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಹೊನ್ನಾವರದ ಒಂದು ಮದುವೆ ಹಾಲ್‌ನವರಿಗೂ ನಾವೇ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಬಾಯಿಮಾತಿನಲ್ಲಿ ತಾರೀಕು ಹಿಡಿದು ಆಮೇಲೆ ಮುಖ ತೋರಿಸದವರಿಂದ ಅವರು ರೋಸಿಹೋಗಿದ್ದರು. ಹಾಗಾಗಿ ಹಾಲ್ ಹಿಡಿದವರು ವಾರದೊಳಗೆ ಮುಂಗಡ ಕಟ್ಟಬೇಕು. ದಿನಾ ಬೆಳಿಗ್ಗೆ ನೆನಪಿಸುವ ಮೆಸೇಜು ಹೋಗುತ್ತದೆ. ಕಟ್ಟದಿದ್ದರೆ ತಾರೀಕು ತಾನಾಗಿ ಬಿಟ್ಟುಹೋಗಿ, ಕಾಯುತ್ತಿರುವ ಮುಂದಿನವರಿಗೆ ಸಿಗುತ್ತದೆ. ದಿನ ಮುಂದೂಡುವ ಗುಂಡಿಯೊಂದು ಇರಲಿ ಎಂದು ನಾನೇ ಕೇಳಿದ್ದೆ. "ಅದೊಂದು ಬೇಡ ಮಾರಾಯ್ರೆ, ಊರವರೆಲ್ಲ ವಶೀಲಿ ಹಚ್ಕಂಡು ಬರ್ತಾರೆ," ಎಂದಿದ್ದರು ಹಾಲ್‌ನ ಮ್ಯಾನೇಜರು.

ನನ್ನ ಮದುವೆಗೂ ಅದೇ ಹಾಲ್ ಹಿಡಿದೆವು. ಅಣ್ಣ ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಅವನ ರಜೆ ಮುಗಿಯುವ ಮೊದಲು ಸಿಕ್ಕ ಒಂದೇ ಮುಹೂರ್ತ ಅದು, ಅವತ್ತಿಗೆ ಖಾಲಿಯಿದ್ದ ಒಂದೇ ಹಾಲ್ ಅದು. ಹೋಮದ ಮುಂದೆ ಮದುಮಗಳ ಬೊಗಸೆಗೆ ಹೊದಲು, ಅಂದರೆ ಭತ್ತದ ಅರಳು, ಸುರಿಯುವವನು ಒಡಹುಟ್ಟಿದವನು. ನನಗಿರುವವನು ಅವನೊಬ್ಬನೇ. ಆ ಶಾಸ್ತ್ರಕ್ಕೆಂದು ಅವನು ಹೊಸ ಪಂಚೆ ತಂದಿಟ್ಟು, ಉಡಲು ಬಾರದೆ ಮನೆಯವರನ್ನೆಲ್ಲ ನಗಿಸುತ್ತಿದ್ದ.

ಹಾಲ್ ಹಿಡಿದ ಮಾರನೇ ದಿನ, ಭಟ್ಕಳದ ಕಡೆ ಬೆಳಕೆಯಲ್ಲಿದ್ದ ದೊಡ್ಡಪ್ಪ ತೀರಿಕೊಂಡರು. ಅಪ್ಪನ ದಾಯಾದಿ. ಕುಮಟಾ ಹತ್ತಿರದ ಬಾಡ ಊರಿನ ನಮ್ಮ ಮನೆಗೂ ಸೂತಕ ಬಂತು. ಶುದ್ಧವಾದ ಮೇಲೆ ಮದುವೆಗೆ ಅಡ್ಡಿಯಿಲ್ಲ ಎಂದು ಭಟ್ಟರು ಹೇಳಿದರು. ಆದರೆ ಹನ್ನೊಂದನೇ ದಿನದವರೆಗೆ ಮನೆಯಲ್ಲಿ ಮದುವೆಯ ಮಾತಿಲ್ಲ, ಮದುವೆಗೆಂದು ಒಂದು ರೂಪಾಯಿ ಕೈ ದಾಟುವಂತಿಲ್ಲ. ಬೆಳಿಗ್ಗೆ ಮೆಸೇಜು ಬಂದಾಗಲೆಲ್ಲ ಅಪ್ಪ ಮೊಬೈಲನ್ನು ಕವುಚಿ ಇಡುತ್ತಿದ್ದರು.

"ಅಪ್ಪ, ಅದು ಕಾಯುದಿಲ್ಲ. ವಾರ ಆದ ಕೂಡ್ಲೆ ಬಿಟ್ಟುಬಿಡ್ತದೆ," ಎಂದೆ.

"ಹೆಂಗೆ ಬಿಡ್ತದೆ? ಮ್ಯಾನೇಜರು ನಿನ್ನೆ ಮಾತಾಡ್ಸಿ ಹೋಗುಕೆ ಬಂದು ನಮ್ಮ ಜಗಲಿ ಮೇಲೇ ಕೂತಿದ್ರಲ್ಲ. ನಮ್ಗೆ ಸೂತಕ ಅಂತ ಅವ್ರಿಗೆ ಗೊತ್ತಿಲ್ವಾ?"

"ಅವ್ರಿಗೆ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ."

"ಹಂಗಾರೆ ಅವ್ರು ಹೇಳ್ತಾರೆ ಅದ್ಕೆ," ಎಂದು ಅಪ್ಪ ಎದ್ದುಹೋದರು.

ಗಂಡಿನ ಕಡೆಯವರಿಂದ ಕಟ್ಟಿಸೋಣವೆಂದರೆ ಅಪ್ಪನ ಮರ್ಯಾದೆಯ ಪ್ರಶ್ನೆ. ನಾನೇ ಕಟ್ಟೋಣವೆಂದರೆ ನನಗೂ ಅದೇ ಸೂತಕ. ಕೊನೆಗೆ ಕದ್ದುಮುಚ್ಚಿ ಮ್ಯಾನೇಜರಿಗೆ ಫೋನ್ ಮಾಡಿದೆ. ಸತ್ತ ಮನೆಯವಳು ಮದುವೆ ಮಾತೆತ್ತಿದ್ದಕ್ಕೆ ಅವರಿಗೇ ಮುಜುಗರವಾಯಿತು. "ನಮ್ಮ ಹತ್ರ ಗುಂಡಿನೇ ಇಲ್ವಲ್ಲ. ನಿಮ್ಮ ಆಫೀಸಲ್ಲೇ ಎಂತಾದ್ರೂ ಮಾಡುಕೆ ಆಗ್ತದಾ ನೋಡಿ," ಎಂದರು.

ಆಗುತ್ತಿತ್ತು. ಪಕ್ಕದ ಟೇಬಲ್ಲಿನ ಗೆಳತಿ, "ಒಂದು ಸಾಲು ಬದಲಾಯ್ಸಿದ್ರೆ ಆತು. ಯಾರಿಗೆ ಗೊತ್ತಾಗ್ತದೆ?" ಎಂದಳು. ನಾನು ತೆರೆದೂ ನೋಡಿದೆ. ನಮ್ಮ ಹಿಂದೆ ಒಂದೇ ಹೆಸರು ಕಾಯುತ್ತಿತ್ತು. ಯಾವುದೋ ಹುಡುಗಿಯ ಅಪ್ಪ, ದಿನಕ್ಕೆ ನಾಲ್ಕಾರು ಸಲ ಸಾಫ್ಟ್‌ವೇರಿನೊಳಗೆ ಬಂದು ತಾರೀಕು ಬಿಟ್ಟಿದೆಯೇ ಎಂದು ನೋಡಿ ಹೋಗುತ್ತಿದ್ದರು. ವಾರ ಮುಗಿದರೆ ನಿಮಗೇ ಎಂದು ಅವರಿಗೂ ನಾನು ಬರೆದದ್ದೇ ಮಾತು ಕೊಟ್ಟಿತ್ತು. ನಮ್ಮ ಮನೆಗೊಂದು ನ್ಯಾಯ, ಅವರ ಮನೆಗೊಂದು ನ್ಯಾಯ ಹೇಗಾದೀತು? ಕಂಪ್ಯೂಟರ್ ಮುಚ್ಚಿದೆ.

ಹೇಳಿಟ್ಟ ಹೊತ್ತಿಗೆ ಸರಿಯಾಗಿ ತಾರೀಕು ಬಿಟ್ಟುಹೋಯಿತು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅವರು ಮುಂಗಡ ಕಟ್ಟಿಯೂ ಆಗಿತ್ತು.

ಅಪ್ಪನಿಗೆ ಹೇಳಿದಾಗ ಅವರು ನನ್ನನ್ನು ಬೈಯಲಿಲ್ಲ. "ಜಗಲಿ ಮೇಲೆ ಕೂತು ಹೋದ್ರಲ್ಲ ಆ ಮನುಷ್ಯ," ಎಂದಷ್ಟೇ ಎರಡು ಮೂರು ಸಲ ಹೇಳಿದರು. ಸೂತಕ ಕಳೆದ ಮೇಲೆ ಬೇರೆ ಹಾಲ್‌ಗಾಗಿ ಭಟ್ಕಳದವರೆಗೂ ಹುಡುಕಿದರು, ಸಿಗಲಿಲ್ಲ. ಅಂಗಳದಲ್ಲೇ ಚಪ್ಪರ ಹಾಕೋಣವೆಂದರೆ ಗಂಡಿನ ಕಡೆಯವರು ಒಪ್ಪಲಿಲ್ಲ. ಆ ಮುಹೂರ್ತ ತಪ್ಪಿತು. ರಜೆ ಮುಗಿದ ಅಣ್ಣನನ್ನು ಕುಮಟಾ ಸ್ಟೇಷನ್ನಿಗೆ ಬಿಡಲು ಹೋದಾಗ ನಡೆದದ್ದನ್ನೆಲ್ಲ ಅವನಿಗೆ ಹೇಳಿದೆ. "ಅವ್ರ ಮದ್ವೆ ತಪ್ಸಿ ನಾ ಹೊದ್ಲು ಹಾಕುದಾ? ಬಿಡು," ಎಂದು ನಗುತ್ತ ರೈಲು ಹತ್ತಿದ. ಆ ನಗುವನ್ನು ನಾನು ನಂಬಿದೆ. ನಂಬಿದರೆ ನನಗೇ ಹಗುರವಾಗುತ್ತಿತ್ತು.

ಮುಂದಿನ ಮುಹೂರ್ತದಲ್ಲಿ, ಕುಮಟಾದಲ್ಲೇ, ಮದುವೆಯಾಯಿತು. ಎಲ್ಲ ಸುಸೂತ್ರ. ಹೊದಲಿನ ಶಾಸ್ತ್ರಕ್ಕೆ ಚಿಕ್ಕಪ್ಪನ ಮಗ ನಿಂತ. ಪಾಪ, ಗಡಿಬಿಡಿಯಲ್ಲಿ ಅರ್ಧ ನೆಲಕ್ಕೇ ಚೆಲ್ಲಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈಗ ಆ ಸಾಫ್ಟ್‌ವೇರಿನಲ್ಲಿ ದಿನ ಮುಂದೂಡುವ ಗುಂಡಿ ಇದೆ. ಮ್ಯಾನೇಜರೇ ಕೇಳಿ ಹಾಕಿಸಿಕೊಂಡರು. ನಾನು ಮಾಡಿದ್ದು ಸರಿ ಎಂದು ಇವತ್ತಿಗೂ ಯಾರ ಜೊತೆಗಾದರೂ ವಾದ ಮಾಡಿ ಗೆಲ್ಲಬಲ್ಲೆ. ದಿನಾ ಮಾಡುವ ಕೆಲಸ ಇವತ್ತು ತಪ್ಪಿದರೆ ನಾಳೆ ಆಗುತ್ತದೆ. ಒಂದೇ ಸಲ ಆಗಬೇಕಾದದ್ದು ತಪ್ಪಿದರೆ ಯಾವ ಗುಂಡಿಯೂ ಅದನ್ನು ತಂದುಕೊಡುವುದಿಲ್ಲ.

ಮದುವೆಯ ಫೋಟೋಗಳನ್ನು ಅಣ್ಣನಿಗೆ ಕಳಿಸಿದ್ದೆ. ನಡುಸಮುದ್ರದಲ್ಲಿದ್ದವನಿಗೆ ಅವು ತಲುಪಿದ್ದು ಎಷ್ಟೋ ದಿನಗಳ ಮೇಲೆ, ಹಡಗು ಯಾವುದೋ ಬಂದರು ಸೇರಿದಾಗ. ಸೀರೆಯ ಬಗ್ಗೆ, ಊಟದ ಬಗ್ಗೆ, ಭಾವನ ಬಗ್ಗೆ ತಮಾಷೆ ಮಾಡುತ್ತಾನೆಂದು ಕಾದೆ. ಅವನು ಒಂದೇ ಒಂದು ಫೋಟೋ ತಿರುಗಿ ಕಳಿಸಿದ. ಹೋಮದ ಮುಂದೆ ನಾವು ಗಂಡಹೆಂಡತಿ ನಿಂತದ್ದು. ಹೊದಲು ಸುರಿಯುವವನ ಮುಖ ಅದರಲ್ಲಿ ಬಿದ್ದಿರಲಿಲ್ಲ, ಕೈ ಮಾತ್ರ ಮೊಣಕೈಯವರೆಗೆ ಇತ್ತು.

ಕೆಳಗೆ ಬರೆದಿದ್ದ: "ಈ ಕೈ ಯಾರದ್ದು?"

ಚಿಕ್ಕಪ್ಪನ ಮಗನದ್ದು ಎಂದು ಬರೆದು ಕಳಿಸಿದೆ. ಅವನು ಓದಿದ್ದು ಕಾಣಿಸಿತು.