ಅರಿಷಿಣ ಹಚ್ಚಿದ ಬೆಳ್ಳಕ್ಕಿ

ಮುಧೋಳದಾಗ ನಾ ಕೆಲಸ ಮಾಡೋ ಬ್ಯಾಂಕಿನ ಮುಂದ ಒಂದು ಹುಣಸಿಮರ ಐತಿ. ಮಿರಗದ ಮಳಿ ಬಿದ್ದ ಕೂಡಲೇ ಅದರ ತುಂಬ ಬೆಳ್ಳಕ್ಕಿ ಗೂಡು ಕಟ್ಟತಾವ. ಹಿಕ್ಕಿ, ಹಸಿಮಣ್ಣು, ಕೊಳೆತ ಕಪ್ಪಿ, ಎಲ್ಲಾ ಕೂಡಿದ ನಾತ ಮೂಗಿಗೆ ಬಡಿತೈತಿ. ಬಂದವರೆಲ್ಲ ಮೂಗು ಮುಚ್ಕೊಂಡು ಓಡತಾರ. ನಾ ಮಾತ್ರ ಅಲ್ಲೇ ಒಂದು ಗಳಿಗಿ ನಿಂದರತೀನಿ. ಆ ನಾತ ನನಗ ನಮ್ಮ ಮನಿ ವಾಸನಿ. ನಿಮಗೂ ಅಂಥದ್ದೊಂದು ಇರಬೇಕು, ಮಂದಿ ಮುಂದ ಹೇಳಾಕ ನಾಚಿಕಿ ಬರುವಂಥದ್ದು.

ಬೀಳಗಿ ಕಡೆ ಹೊಳಿದಂಡಿ ಮ್ಯಾಲಿನ ಆ ಮನಿ ಈಗಿಲ್ಲ, ಊರ ಸಹಿತ ಹಿನ್ನೀರಿನ್ಯಾಗ ಮುಳುಗಿತು. ಹಿತ್ತಲದಾಗ ಹುಣಸಿಮರ, ಮರದ ಕೆಳಗ ಹೊರಸು, ಹೊರಸಿನ ಮ್ಯಾಲ ಇನ್ನೂ ಸಣ್ಣಾಕಿ ನಾನು ಮತ್ತ ನಮ್ಮ ಕಾಕಾ. ಕಾಕಾ ಅಂದ್ರ ಅಪ್ಪನ ತಮ್ಮ, ಅವಾಗಿನ್ನೂ ಲಗ್ನ ಆಗಿರಲಿಲ್ಲ. ಕಬ್ಬಿಗೆ ನೀರು ಬಿಟ್ಟು ಬಂದವನ, ಕಾಲಿನ ಕೆಸರೂ ತೊಳಕೊಳ್ಳದ ನನ್ನ ಬಾಜೂಕ ಕೂಡ್ತಿದ್ದ. ಮ್ಯಾಲ ಗಂಡು ಬೆಳ್ಳಕ್ಕಿ ಬೆನ್ನಿನ ಎಳಿಗರಿ ಎಬ್ಬಿಸಿ, ಕುತ್ತಿಗಿ ಮ್ಯಾಲೆತ್ತಿ ತೂಗಾಡ್ತಿತ್ತು. ಹೆಣ್ಣು ಹತ್ರ ಬಂದ್ರ ಸಾಕು, ಕರೆದದ್ದೂ ತಾನು, ಕುಕ್ಕಿ ಓಡಿಸೋದೂ ತಾನ! ಅದು ಹಿಂದ ಸರದು, ಮತ್ತ ಬಂದು, ಮತ್ತ ಕುಕ್ಕಿಸಿಕೊಂಡು, ಕಡೀಕ ಒಂದಿನ ಅವನ ಮಗ್ಗಲಕ ಕುಂತೇ ಬಿಡ್ತಿತ್ತು. ಅವತ್ತಿಂದ ಇಬ್ಬರದೂ ಒಂದ ಮಾತು. ಬ್ಯಾರೇ ಹಕ್ಕಿ ಬಂದ್ರ ನೆತ್ತಿಗರಿ ನಿಗರಿಸಿ, ಕುತ್ತಿಗಿ ಮುಂದ ಚಾಚಿ, ಖರ್ ಖರ್ ಅಂತ ಬೆದರಸ್ತಿದ್ವು. ಆ ದಿನದಾಗ ಅವುಗಳ ತಲಿ, ಎದಿ, ಬೆನ್ನು ಕೆಂಪಳದಿ ಆಗ್ತಿತ್ತು. "ಅರಿಷಿಣ ಹಚ್ಯಾರ ಬೇ ಅವಕ್ಕ. ಮಳಿಗಾಲ ಮುಗೀಲಿ, ಮತ್ತ ಬೆಳ್ಳಗಾಗಿ ತಮ್ಮ ತಮ್ಮ ಹಾದಿ ಹಿಡಿತಾವ," ಅಂತಿದ್ದ ಕಾಕಾ.

ಆ ಮಾತು ನಾ ಗಟ್ಟಿ ನಂಬಿದ್ದೆ. ಅದಕ್ಕ ಕಾಕಾಗ ಲಗ್ನದ ಅರಿಷಿಣ ಹಚ್ಚುವಾಗ ನಾ ಅಳಲಿಲ್ಲ. ಆದ್ರ ಜಮಖಂಡಿಯಿಂದ ಲಗ್ನಾಗಿ ಬಂದ ಚಿಗವ್ವ ಮರುದಿನನ ಹೊರಸಿನ ಮ್ಯಾಲ, ನನ್ನ ಜಾಗಾದಾಗ, ಕುಂತ್ಲು. ಎದಿಯಾಗ ಬೆಂಕಿ ಬಿತ್ತು ನೋಡ್ರಿ! ಆಕಿ ಬಳಿ ಸಪ್ಪಳ ಬ್ಯಾಡಾತು, ಆಕಿ ಮುಡಿದ ಮಲ್ಲಿಗಿ ಬ್ಯಾಡಾತು, ಆಕಿ ಮಾಡಿದ ಝುಣಕಾ ಎಲ್ಲಾರೂ ಹೊಗಳಿದ್ರೂ ನನ್ನ ಗಂಟಲದಾಗ ಇಳೀಲಿಲ್ಲ. ಆಕಿ ಹತ್ರ ಬಂದ್ರ ಮೊಣಕೈ ಚಾಚಿ ಕೂಡ್ತಿದ್ದೆ. "ಏನ ಬೇ, ಗೂಡು ಕಾಯಾಕತ್ತೀ?" ಅಂತ ನಮ್ಮ ಆಯಿ, ಅಪ್ಪನ ತಾಯಿ, ನಗ್ತಿದ್ಲು. ನಗಲಿ, ಮಳಿಗಾಲ ಮುಗಿದ್ರ ಆಕಿ ಹೋಗೇ ಹೋಗ್ತಾಳ ಅಂತ ನಾ ಗಪ್ಪನ ಇದ್ದೆ.

ಶ್ರಾವಣದಾಗ ಹಕ್ಕಿಗಳ ಬಣ್ಣ ಇಳಿಯಾಕತ್ತಿತ್ತು. ಪಂಚಮಿಗೆ ಚಿಗವ್ವನ ಅಣ್ಣ ಬಂದು, ವಾಡಿಕಿ ಪ್ರಕಾರ, ತಂಗೀನ ತವರಿಗೆ ಕರಕೊಂಡು ಹೋದ. ಹೋತು ಪೀಡಾ! ನಾ ಹೊರಸಿನ ತುಂಬ ಉರುಳಾಡಿದೆ, ಎರಡೂ ಕೈಯಾಗ ಶೇಂಗಾ ಉಂಡಿ ಹಿಡಕೊಂಡು ತಿಂದೆ. "ಕಾಕಾ, ಇನ್ನ ಆಕಿ ಬರಂಗಿಲ್ಲಲಾ? ಹಕ್ಕಿ ಬೆಳ್ಳಗಾಗಾಕತ್ತಾವ," ಅಂದೆ. ಕಾಕಾ ನಗಲಿಲ್ಲ. ಮ್ಯಾಲ ನೋಡಿದ, ಆದ್ರ ಒಂದು ಹಕ್ಕೀನೂ ಅವನ ಕಣ್ಣಿಗೆ ಬಿದ್ದಂಗ ಕಾಣಲಿಲ್ಲ. "ಹಂಗನ್ನಬಾರದವ್ವಾ," ಅಂದವನ ಎದ್ದು, ಇಸ್ತ್ರಿ ಅಂಗಿ ಹಾಕ್ಕೊಂಡು, ಕನ್ನಡಿ ಮುಂದ ಎಷ್ಟೋ ಹೊತ್ತು ಕೂದಲಾ ತೀಡಿ, ತವರವರು ಕಳಿಸೋ ಮೊದಲ ತಾನ ಕರಕೊಂಡು ಬರಾಕ ಜಮಖಂಡಿ ಬಸ್ ಹತ್ತಿದ. ನಮ್ಮ ಕಾಕಾ ಇನ್ನ ನನಗೊಬ್ಬಾಕಿಗೆ ಸಿಗಂಗಿಲ್ಲ ಅಂತ ನನಗ ಅವತ್ತ ಗೊತ್ತಾತು.

ಹೋದ ಚಳಿಗಾಲದಾಗ ಕಾಕಾ ತೀರಿಕೊಂಡ. ಹೊಸಾ ಊರಿನ ಮನಿಗೆ ಬಂದವರೆಲ್ಲ ಚಿಗವ್ವನ ಕೈ ಹಿಡದು ಅತ್ತು ಹೋದ್ರು. ನನ್ನ ಕೈ ಯಾರೂ ಹಿಡೀಲಿಲ್ಲ. ಖರೆ ಹೇಳ್ತೀನಿ, ಆ ಸಂಕಟದಾಗೂ ನನ್ನ ಹೊಟ್ಟಿ ಉರೀತು. ಮಂದಿ ಹೋದ ಮ್ಯಾಲ ಆಕಿ ನನ್ನ ಮಗ್ಗಲಕ ಬಂದು ಕುಂತ್ಲು.

"ಕಸ್ತೂರಿ, ಸಿಟ್ಟಾಗಬ್ಯಾಡ, ಒಂದು ಮಾತು ಹೇಳ್ತೀನಿ. ನಿನ್ನ ಕಂಡ್ರ ನನಗ ಮೊದಲಿಂದೂ ಹೊಟ್ಟಿಕಿಚ್ಚ. ನಾ ಬರೂಕಿಂತ ಮೊದಲಿನ ಅವರನ್ನ ನೀ ನೋಡೀದಿ. ಹರೇದಾಗ ಹೆಂಗ ನಗ್ತಿದ್ರು, ಏನ ಮಾತಾಡ್ತಿದ್ರು, ನನಗೇನೂ ಗೊತ್ತಿಲ್ಲ. ನೀನ ಹೇಳವ್ವಾ."

ಹೊತ್ತು ಮುಳುಗೂ ತನಕ ಹೇಳಿದೆ. ಆಕಿ ಒಮ್ಮೆ ನಕ್ಕಳು, ಒಮ್ಮೆ ಸೆರಗು ಬಾಯಿಗೆ ಒತ್ಕೊಂಡ್ಲು, "ಮತ್ತ? ಮುಂದ?" ಅಂತ ಕೇಳ್ತಾನ ಇದ್ಲು. ಕಡೀಕ, "ಇಷ್ಟೇ ನೋಡ ಚಿಗವ್ವಾ," ಅಂದೆ. ಇಷ್ಟೇ ಇರಲಿಲ್ಲ. ಇನ್ನೂ ಒಂದೆರಡು ಇದ್ವು, ನನಗಂತ ಇಟಗೊಂಡೆ.