ಒಂದೇ ರಿಂಗಿನ ಕರೆಗಳು

ನಮ್ಮ ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗಕ್ಕೆ ಫೋನ್ ಕರೆಗಳ ಆ್ಯಪ್ ತಂದವರು ಹೊಸದಾಗಿ ಬಂದಿದ್ದ ಸಾಹೇಬರು. ತಂದರು ಎನ್ನುವುದೂ ಹೆಚ್ಚಾಯಿತು. ಫುಕಟ ಸಿಕ್ಕಿತು, ಇಳಿಸಿಕೊಂಡರು, ಅಷ್ಟೇ. "ಓಪನ್ ಸೋರ್ಸ್ ಐತ್ರಿ ಇದು. ಯಾರ ಬೇಕಾದ್ರೂ ಬಿಚ್ಚಿ ತಮಗ ಬೇಕಾದಂಗ ತಿದ್ದಬಹುದು," ಎಂದು ಎದೆಯುಬ್ಬಿಸಿ ಹೇಳಿದರು. ನಮ್ಮಲ್ಲಿ ಅದನ್ನು ಬಿಚ್ಚಬಲ್ಲವರು ಒಬ್ಬರೂ ಇರಲಿಲ್ಲ. ಸಾಹೇಬರಿಗಂತೂ ತಮ್ಮ ಊಟದ ಡಬ್ಬಿ ಬಿಚ್ಚಲೂ ಸಿಪಾಯಿ ಬೇಕಾಗುತ್ತಿತ್ತು.

ರೈತರ ಫೋನ್ ನೋಡಿಕೊಳ್ಳುವ ಕೆಲಸ ನನ್ನದು. ಶಿರಗುಪ್ಪಿಯಿಂದ ಅಥಣಿಯವರೆಗೆ ಎಲ್ಲರದೂ ಒಂದೇ ರೂಢಿ: ಒಂದು ರಿಂಗ್ ಕೊಟ್ಟು ಕಟ್ ಮಾಡುವುದು. ಮಾತಿಗೆ ದುಡ್ಡು ಬೀಳುತ್ತಿದ್ದ ಕಾಲ ಅದು, ನಿಜ. ಆದರೆ ಮೂವತ್ತು ಎಕರೆ ಕಬ್ಬಿದ್ದವರೂ ಹೀಗೇ ಮಾಡುತ್ತಿದ್ದರು. ಆಫೀಸೇ ತಿರುಗಿ ಮಾಡಬೇಕು, ನಾನೂ ಮಾಡುತ್ತಿದ್ದೆ.

ಆ್ಯಪಿನ ಪಾಲಿಗೆ ಅವೆಲ್ಲ ನಾನು ಎತ್ತದ ಫೋನುಗಳು. ತಿರುಗಿ ಮಾಡಿದರೂ ಲೆಕ್ಕ ಇಳಿಯುತ್ತಿರಲಿಲ್ಲ. ನನ್ನ ಹೆಸರಿನ ಮುಂದೆ ಕೆಂಪು ಅಂಕಿ ಬೆಳೆಯತೊಡಗಿತು. ಸಾಹೇಬರು ಅದನ್ನು ಎಲ್ಲರ ಮುಂದೆ ಓದಿದರು.

"ಸರ್, ಅವು ನಾ ಎತ್ತಲಿ ಅಂತ ಮಾಡಿದ್ದಲ್ರಿ. ಮಿಸ್ ಕಾಲ್ ಅವು," ಎಂದೆ.

"ಮಿಸ್ ಅಂದ್ರ ನೀವ ಮಿಸ್ ಮಾಡಿದ್ದು. ಅಷ್ಟೂ ತಿಳಿಯೂದಿಲ್ಲೇನ್ರಿ?"

ಇಂಥ ಮನುಷ್ಯನಿಗೆ ಏನು ಹೇಳುವುದು? ಆ್ಯಪಿನ ಕನ್ನಡವೂ ಅವರ ತಲೆಗೆ ತಕ್ಕಂತಿತ್ತು. ಉಪದ್ರವದ ನಂಬರುಗಳನ್ನು ತಳ್ಳುವ ಜಾಗಕ್ಕೆ ಯಾರೋ ಪುಣ್ಯಾತ್ಮ 'ಕಸ' ಎಂದು ಹೆಸರಿಟ್ಟಿದ್ದ. ಕಸಕ್ಕೆ ಬಿದ್ದ ನಂಬರಿನವರು ಎಷ್ಟು ಸಲ ಫೋನ್ ಮಾಡಿದರೂ ಅವರಿಗೆ ಒಂದು ರಿಂಗ್ ಕೇಳಿ ಆಮೇಲೆ ಎಂಗೇಜ್ ಸದ್ದೇ ಗತಿ, ಅವರ ಕರೆ ಲೆಕ್ಕಕ್ಕೂ ಬರುವುದಿಲ್ಲ. ಒಂದೇ ವಾರದಲ್ಲಿ ನನ್ನ ಕೆಂಪು ಅಂಕಿ ಸೊನ್ನೆಯಾಯಿತು. ಸಾಹೇಬರು ಚಹಾ ತರಿಸಿ ಕುಡಿಸಿದರು.

ಅದೇ ಹಂಗಾಮಿನಲ್ಲಿ, ಗಂಡನಿಲ್ಲದೆ ಒಬ್ಬಳೇ ಎರಡು ಎಕರೆ ಕಬ್ಬು ಬೆಳೆದಿದ್ದ ಹೆಣ್ಣುಮಗಳೊಬ್ಬಳ ಹೊಲಕ್ಕೆ ಕರೆಂಟಿನ ತಂತಿಯ ಕಿಡಿ ಬಿತ್ತು. ಸುಟ್ಟ ಕಬ್ಬನ್ನು ಒಂದೆರಡು ದಿನದಲ್ಲಿ ಕಡಿದು ಸಾಗಿಸಬೇಕು, ಇಲ್ಲದಿದ್ದರೆ ರಸ ಹುಳಿಯಾಗುತ್ತದೆ. ಕಡಿಯುವ ಗ್ಯಾಂಗನ್ನು ಕಳಿಸುವವರು ನಾವು. ನಾಲ್ಕನೆಯ ದಿನ ಆಕೆ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. ಸೀರೆಯ ಅಂಚೆಲ್ಲ ಮಸಿಯಾಗಿತ್ತು.

"ಅಕ್ಕಾರ, ಎರಡ ದಿನ ರಿಂಗ್ ಕೊಟ್ಟ ಕೊಟ್ಟ ಕುಂತ್ನಿ. ನೀವ ತಿರಗಿ ಮಾಡೇ ಮಾಡ್ತೀರಿ ಅಂತ ಫೋನ್ ಕೈಯಾಗ ಹಿಡಕೊಂಡ ಹೊಲದಾಗ ಇದ್ನಿ. ಆಮ್ಯಾಲ ಮಾತಾಡಾಕಂತ ಮಾಡಿದ್ರ ಬರೇ ಎಂಗೇಜ್. ಪಾಪ, ಅಕ್ಕಾರಿಗೆ ಭಾಳ ಕೆಲಸ ಐತಿ ಅಂದ್ಕೊಂಡ್ನಿ. ಇನ್ನ ತಗೋತಾರೇನ್ರಿ ಕಬ್ಬ?"

ತಗೊಳ್ಳುವಂತಿರಲಿಲ್ಲ. ಹಾಗೆಂದು ನಾನೇ ಹೇಳಬೇಕಾಯಿತು.

"ಮಷೀನ್ ನಿನ್ನ ನಂಬರ್ ಬಂದ್ ಮಾಡೇತಿ, ಯವ್ವಾ," ಎಂದೆ. ಆಕೆ ನಂಬಿದಳು. ಮಷೀನಿಗೆ ಬಾಯಿಗೆ ಬಂದಂತೆ ಬೈದಳು. "ನೀವರ ಏನ್ ಮಾಡ್ತೀರಿ ಬಿಡ್ರಿ," ಎಂದು ನನಗೇ ಸಮಾಧಾನ ಹೇಳಿ ಹೊರಟುಹೋದಳು.

ಸಾಹೇಬರನ್ನು ಇಷ್ಟು ಹೊತ್ತು ಆಡಿಕೊಂಡೆ. ಅವರ ಮೇಲಿನ ತಾತ್ಸಾರ ಇವತ್ತಿಗೂ ಹೋಗಿಲ್ಲ, ಆದರೆ ನನ್ನ ಮೇಲಿರುವ ಹೇಸಿಕೆ ಅದಕ್ಕಿಂತ ದೊಡ್ಡದು. ಆ್ಯಪ್ ತಾನಾಗಿ ಯಾರನ್ನೂ ಕಸಕ್ಕೆ ಹಾಕುತ್ತಿರಲಿಲ್ಲ. ಪ್ರತಿ ನಂಬರಿಗೂ 'ಹಾಕಲೇ?' ಎಂದು ಕೇಳುತ್ತಿತ್ತು. ಆಕೆಯ ನಂಬರಿಗೂ, ಅದು ಯಾರದೆಂದು ಗೊತ್ತಿದ್ದೂ, 'ಹೌದು' ಒತ್ತಿದವಳು ನಾನು.