ಬಡವರ ಫೋನು ಮಾರಿದ್ದು

ಕುಂದಲಹಳ್ಳಿಯ ಒಂದು ಮೊಬೈಲ್ ಅಂಗಡಿಯಲ್ಲಿ ನಾನು ಎರಡು ವರ್ಷ ನಿಂತಿದ್ದೆ. ದುಡಿದೆ ಅನ್ನುವುದಕ್ಕಿಂತ ನಿಂತಿದ್ದೆ ಅನ್ನುವುದೇ ಸರಿ. ಸಂಬಳ ಕೊಡುತ್ತಿದ್ದದ್ದು ಅಂಗಡಿಯಲ್ಲ, ಫೋನ್ ಕಂಪನಿ. ಕಂಪನಿಗೊಬ್ಬರಂತೆ ನಾಲ್ಕು ಜನ, ನಾಲ್ಕು ಬಣ್ಣದ ಟೀ ಶರ್ಟ್ ತೊಟ್ಟು ಬಾಗಿಲಲ್ಲೇ ಕಾಯುತ್ತಿದ್ದೆವು. ನಮ್ಮೊಳಗೆ ಒಂದು ಕಟ್ಟಳೆ ಇತ್ತು. ಗಿರಾಕಿಯ ಕೈಗೆ ಮೊದಲು ಯಾರು ಫೋನು ಕೊಡುತ್ತಾರೋ ಗಿರಾಕಿ ಅವರ ಪಾಲು. ಆಮೇಲೆ ಎಂಥ ಸುಳ್ಳು ಕೇಳಿಸಿದರೂ ಉಳಿದವರು ತುಟಿ ಬಿಚ್ಚುವಂತಿಲ್ಲ.

ದುಬಾರಿ ಫೋನಿನವರು ಟೆಕ್ ಪಾರ್ಕಿನ ಎಂಜಿನಿಯರುಗಳನ್ನು ಹಂಚಿಕೊಂಡಿದ್ದರು. ನನ್ನ ಕಂಪನಿಗೆ ಉಳಿದದ್ದು ಆ ಪಾರ್ಕುಗಳನ್ನು ಗುಡಿಸುವವರು. ಅವರಿಗೆಂದೇ ಒಂದು ಅಗ್ಗದ ಫೋನು ಬಂತು. ಅದರಲ್ಲಿ ಸಣ್ಣಪುಟ್ಟ ಆಪ್‌ಗಳು ಮಾತ್ರ ಓಡುತ್ತಿದ್ದವು. ಜಗತ್ತಿನ ಬಡವರೆಲ್ಲರ ಕೈಗೂ ಸ್ಮಾರ್ಟ್‌ಫೋನ್ ಎಂದು ಟ್ರೈನಿಂಗ್ ಕೊಡಲು ಬಂದ ಮೇಡಂ ಭಾಷಣ ಬಿಗಿದರು. ಆ ಬಡವರು ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಊಟ ಚೆನ್ನಾಗಿತ್ತು.

ಒಂದು ಗುರುವಾರ ರಾಯಚೂರು ಕಡೆಯ ಹೆಂಗಸೊಬ್ಬಳು ಬಂದಳು. ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಸೋಮವಾರದಿಂದ ಹಾಜರಿ ಫೋನಿನಲ್ಲಂತೆ, ಅಷ್ಟರೊಳಗೆ ಆಪ್‌ಗೆ ಮುಖ ತೋರಿಸಿ ಸೇರಿಕೊಳ್ಳದವರಿಗೆ ಗೇಟು ಬಂದ್ ಅಂತೆ. ಅವಳು ಮಾತು ಮುಗಿಸುವ ಮೊದಲೇ ನಾನು ನಮ್ಮ ಫೋನನ್ನು ಅವಳ ಕೈಗಿಟ್ಟಿದ್ದೆ.

"ಇದ್ರಾಗ ಹಾಜ್ರಿ ಆಪ್ ನಡಿತೈತೇನ್ರೀ ಅಣ್ಣಾ?"

"ಎಲ್ಲಾ ನಡಿಯತ್ತೆ ಅಕ್ಕ. ಕಣ್ಮುಚ್ಕೊಂಡು ತಗೊಳ್ಳಿ."

ಅದು ಇದರಲ್ಲಿ ಓಡುವುದಿಲ್ಲವೆಂದು ನನಗೆ ಗೊತ್ತಿತ್ತು. ಪಕ್ಕದ ನೀಲಿ ಟೀ ಶರ್ಟಿನ ಹುಡುಗಿಗೂ ಗೊತ್ತಿತ್ತು. ನನ್ನನ್ನು ದುರುಗುಟ್ಟಿ ನೋಡಿದಳು, ಆದರೆ ಕಟ್ಟಳೆ ಮುರಿಯಲಿಲ್ಲ.

ಮಂಗಳವಾರ ಬೆಳಿಗ್ಗೆ ಅವಳು ಮತ್ತೆ ಬಂದಳು. ಆಪ್ ತೆರೆದರೆ ಪರದೆ ಬೆಳ್ಳಗಾಗಿ ನಿಂತುಬಿಡುತ್ತಿತ್ತಂತೆ. ಹಿಂದಿನ ದಿನ ಗೇಟಿನಿಂದಲೇ ವಾಪಸ್ ಕಳಿಸಿದ್ದರು. ಮಾಲೀಕರು ತಲೆ ಎತ್ತದೆ, "ಸೀಲ್ ಒಡೆದ್ಮೇಲೆ ಮುಗೀತಮ್ಮ, ವಾಪಸ್ ತಗೊಳಲ್ಲ" ಅಂದರು. ಅವಳು ಕೂಗಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾನೂ ಕೂಗಬಹುದಿತ್ತು. ಅವಳು ಸೀದಾ ನನ್ನೆದುರು ಬಂದು ನಿಂತಳು.

"ನಿಮ್ ಫೋನ್‌ದಾಗ ತೆರದ್ ಕೊಡ್ರಿ. ಹನ್ನೆರಡರೊಳಗ ಆಪ್ ನನ್ ಮುಖಾ ತಗೊಂತಂದ್ರ ಒಳಗ ಬಿಡ್ತೀನಂದಾರ ಸೂಪರ್‌ವೈಜರ್ರು."

ನನ್ನ ಜೇಬಿನಲ್ಲಿದ್ದದ್ದು ಎದುರಾಳಿ ಕಂಪನಿಯ ಫೋನು. ನಾನು ಮಾರುವುದನ್ನು ನಾನೇ ಯಾಕೆ ಕೊಳ್ಳಲಿ, ನನಗೇನು ತಲೆ ಕೆಟ್ಟಿತ್ತೇ? ಅದನ್ನು ಎಲ್ಲರೆದುರು ತೆಗೆದು, ಆಪ್ ಹಾಕಿ, ಅವಳ ನಂಬರು ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಪರದೆಯ ಮೇಲೆ ಅವಳ ಮುಖ ಬಂತು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಫೋಟೋ ತೆಗೆಯುತ್ತಾರೆಂಬಂತೆ ನೆಟ್ಟಗೆ ನಿಂತಳು.

ಆಗಿನ್ನೂ ಹತ್ತೂವರೆ. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು.

"ಏನಂತ ಬರದೈತ್ರೀ ಅಣ್ಣಾ? ತಗೊಂತಾ?"

ನಿಮ್ಮ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದಾರೆ ಎಂದು ನಾನೇ ಓದಿ ಹೇಳಿದೆ.